ಕುರ್ಚಿ ಸಿಗದ ಊರುಗಳು

ಮಾರ್ಚ್ 4, ಮಂಗಳವಾರ

ಆಲೂಗಡ್ಡೆ ಎರಡನೇ ಸಲ ಬೇಯಲು ಇಟ್ಟು ಬಂದು ಕೂತೆ. ಮೊದಲ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು — ಪೊಟ್ಯಾಸಿಯಂ ಇಳಿಯಲಿ ಅಂತ. ಅದರ ಜೊತೆ ರುಚಿಯೂ ಇಳಿದುಹೋಗುತ್ತದೆ. ಕಿಡ್ನಿ ಸೋತ ನನ್ನ ಗಂಡ ವಾಟ್ ಎರಡು ವರ್ಷದಿಂದ ಅದನ್ನೇ ತಿನ್ನುತ್ತಿದ್ದಾನೆ. ದಿನಕ್ಕೆ ಮುಕ್ಕಾಲು ಲೀಟರು ನೀರು, ಸೂಪು ಟೀ ಎಲ್ಲ ಸೇರಿ. ಟೀ ಕೊಡುವುದು ರೋನಾಳ ಆಟದ ಸೆಟ್ಟಿನ ಕಪ್ಪಿನಲ್ಲಿ. ಮಗಳಿಗೀಗ ನಲವತ್ತೆರಡು, ಕಪ್ಪು ಇನ್ನೂ ಇದೆ. ಅವನ ದೊಡ್ಡ ಮಗ್ಗು — ರಗ್ಬಿ ಕ್ಲಬ್ಬಿನದು — ಕೊಕ್ಕೆಯಲ್ಲಿ ಸುಮ್ಮನೆ ನೇತಾಡುತ್ತಿದೆ. ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ.

ಇವತ್ತು ಊಟದ ಮೇಜಿನ ಮೇಲೆ ಮ್ಯಾಪು ಹರಡಿ ಪೆನ್ಸಿಲ್ ಹಿಡಿದು ಕೂತಿದ್ದ. ಇನ್ವರ್ನೆಸ್, ಪಿಟ್‌ಲಾಕ್ರಿ, ಓಬನ್. ಅಲ್ಲಿಂದ ಕೆಳಗಿಳಿದು, ಗಡಿ ದಾಟಿ ಇಂಗ್ಲೆಂಡಿಗೆ, ಕೆಸಿಕ್‌ನ ಕೆರೆ, ವಿಟ್ಬಿ, ಕ್ರಾಸ್ಟರ್.

"ಇಷ್ಟೆಲ್ಲ ಒಂದೇ ಬೇಸಿಗೇಲಿ ಆಗುತ್ತೇನೋ?" ಅಂದೆ.

"ಮೂವತ್ತೊಂದು ವರ್ಷ ಗಿರಣಿ ರಜ ಬಂದಾಗೆಲ್ಲ ಸಮುದ್ರದಂಡೆಯ ಸ್ಪಿಟಲ್‌ಗೇ ಹೋದ್ವಲ್ಲ, ಹುಡುಗಿ. ಅದೇ ಮನೆ, ಅದೇ ಮಂಚ, ಮನೆಯೊಡತಿ ಮಿಸೆಸ್ ಪಾಟ್ಸ್ ಮಾಡಿದ ಅದೇ ಗಂಜಿ. ಅದನ್ನ ತಿಂದೋರಿಗೆ ಇಷ್ಟಾದ್ರೂ ಸಿಗಬೇಡ್ವಾ?"

ಅವನಿಗೆ ಎಪ್ಪತ್ತನಾಲ್ಕು. ನನಗೆ ಎಪ್ಪತ್ತೊಂದು. ಈಗಲೂ ಹುಡುಗಿ.

ಒಂದು ವಿಷಯ ಬರೆದಿಡುತ್ತೇನೆ, ಆಮೇಲೆ ನಾನೇ ಬೇರೆ ಥರ ನೆನಪು ಮಾಡಿಕೊಳ್ಳಬಾರದು. ಹೋದ ತಿಂಗಳು ಡಾಕ್ಟರ ಎದುರಿಗೇ ಹೇಳಿದ: "ಈ ಬೇಸಿಗೇಲಿ ಒಂದು ಸುತ್ತು ಹೋಗಿ ಬರ್ತೀವಿ. ಬಂದ ಮೇಲೆ ಈ ಡಯಾಲಿಸಿಸ್ ಮಷೀನು ಸಾಕು, ನಿಲ್ಲಿಸಿಬಿಡ್ತೀನಿ." ಹೃದಯ ಸೋತಿದೆ, ಹೊಸ ಕಿಡ್ನಿಯ ಮಾತಿಲ್ಲ, ನಿಲ್ಲಿಸುವುದು ಅವರ ಹಕ್ಕು ಎಂದರು ಡಾಕ್ಟರು. ನಿಲ್ಲಿಸಿದರೆ ಉಳಿಯುವುದು ಒಂದು ವಾರ. ಹೆಚ್ಚೆಂದರೆ ಹತ್ತು ದಿನ. ನಾನು "ಆಯ್ತು" ಅಂದೆ. ಹೇಗೆ ಅಂದೆನೋ ಗೊತ್ತಿಲ್ಲ. ರೋನಾಗೆ ಇನ್ನೂ ಹೇಳಿಲ್ಲ.

ಮಾರ್ಚ್ 13, ಗುರುವಾರ

ಏಳು ಕಾಗದ ಹೋದವು. ಎಲ್ಲವೂ ಕುರ್ಚಿಗಾಗಿ. ಸೋಮ, ಬುಧ, ಶುಕ್ರ — ಇವನ ಡಯಾಲಿಸಿಸ್ ದಿನಗಳು, ಎಲ್ಲಿಗೆ ಹೋದರೂ ತಪ್ಪುವಂತಿಲ್ಲ. ಹೋದ ಊರಿನ ಆಸ್ಪತ್ರೆಯಲ್ಲಿ ಮಷೀನಿನ ಪಕ್ಕ ಒಂದು ಕುರ್ಚಿ ಖಾಲಿ ಇರಬೇಕು, ಅದನ್ನು ತಿಂಗಳುಗಟ್ಟಲೆ ಮೊದಲೇ ಕೇಳಿಕೊಂಡಿರಬೇಕು. ರಕ್ತದ ರಿಪೋರ್ಟು ಬೇರೆ ಕಳಿಸಬೇಕು. ಗಡಿಯ ಆಚೆಗೆ ಬೇರೆ ಫಾರಂ. ಕೆರೆ ಎದುರಿನ ರೂಮು ಯಾರಾದರೂ ಕೊಡುತ್ತಾರೆ. ನಮಗೆ ಕುರ್ಚಿ ಸಿಕ್ಕ ಊರೇ ಊರು.

ಹಾಗಾಗಿ ಪ್ಲ್ಯಾನ್ ಪೂರ್ತಿ ನನ್ನ ಕೈಯಲ್ಲಿ. ಕಾಗದ, ಫೋನು ಎಲ್ಲ ನಾನೇ. ವಾಟ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕಾಯುತ್ತಾನೆ.

ಮಾರ್ಚ್ 28, ಶುಕ್ರವಾರ, ಮಧ್ಯಾಹ್ನ

ಅವನು ಆಸ್ಪತ್ರೆಯಲ್ಲಿ ಮಷೀನಿನ ಮೇಲಿದ್ದಾನೆ. ಪೋಸ್ಟ್ ಬಂತು. ಇನ್ವರ್ನೆಸ್. ಜೂನ್ ಕೊನೇ ವಾರ ಮೂರು ದಿನವೂ ಕುರ್ಚಿ ಇದೆ, ಸಂತೋಷದಿಂದ ಸ್ವಾಗತಿಸುತ್ತೇವೆ ಎಂದು ಬರೆದಿದ್ದಾರೆ.

ನಿಂತೇ ಓದಿದೆ. ಜೂನ್ ಕೊನೇ ವಾರ ಹೊರಟರೆ ಜುಲೈ ಹನ್ನೆರಡಕ್ಕೆ ವಾಪಸು. ಆಮೇಲೆ ಹತ್ತು ದಿನ. ಜುಲೈ ಇಪ್ಪತ್ತೆರಡು.

ಕಾಗದ ಗುಂಡಿ ಡಬ್ಬಿಯೊಳಗೆ ಹಾಕಿದೆ, ಗುಂಡಿಗಳ ಅಡಿಗೆ.

ರಾತ್ರಿ ಮತ್ತೆ ಬರೆಯುತ್ತಿದ್ದೇನೆ. ಸಂಜೆ ಬಂದು ಕೋಟು ಬಿಚ್ಚುವ ಮೊದಲೇ ಕೇಳಿದ. "ಏನಾದ್ರೂ ಬಂತಾ?"

"ಇಲ್ಲ. ಬೇಸಿಗೆ ಅಲ್ವಾ, ಎಲ್ಲರೂ ಕೇಳಿರ್ತಾರೆ."

ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಇದೇ ಮೊದಲು. ನಾಚಿಕೆಯಾಯಿತು. ಆದರೂ ಕಾಗದ ತೆಗೆಯಲಿಲ್ಲ.

ಏಪ್ರಿಲ್ 10, ಗುರುವಾರ

ಇನ್ವರ್ನೆಸ್‌ಗೆ ಬೇಡವೆಂದು ಬರೆದುಬಿಟ್ಟೆ. ಓಬನ್‌ನದೂ ಬಂದಿತ್ತು, ಅದೂ ಡಬ್ಬಿಗೆ.

ವಾಟ್‌ಗೆ ಹೇಳಿದೆ — ಹೇಗೂ ತಡವಾಗುತ್ತಿದೆ, ಸ್ಕೈ ದ್ವೀಪವನ್ನೂ ಸೇರಿಸೋಣ, ಅಲ್ಲಿ ಜನ ಕಡಿಮೆಯಾಗುವುದು ಸೆಪ್ಟೆಂಬರಿಗೆ.

"ಸೆಪ್ಟೆಂಬರಿಗೆ ಬೇಸಿಗೆ ಅಂತಾರಾ ನಮ್ಮಲ್ಲಿ?"

"ಬಿಸಿಲಿದ್ರೆ ಬೇಸಿಗೇನೇ."

"ಹಾಗಾದ್ರೆ ಕೆಲವು ವರ್ಷ ಬೇಸಿಗೇನೇ ಇಲ್ಲ," ಅಂದು ನಕ್ಕ. ಮ್ಯಾಪಿನಲ್ಲಿ ಸ್ಕೈ ಹುಡುಕಿ ಸುತ್ತ ಗೆರೆ ಎಳೆದ. ಅರ್ಧ ಗೆರೆ ಸಮುದ್ರಕ್ಕೆ ಹೋಯಿತು.

ಮೇ 20, ಮಂಗಳವಾರ

ತಿಂಗಳಿಗಿಂತ ಜಾಸ್ತಿಯಾಯಿತು ಬರೆದು. ಬರೆಯಲು ಮುಖವಿಲ್ಲ.

ನಿನ್ನೆ ಮಷೀನಿನ ಮೇಲಿದ್ದಾಗ ಬಿಪಿ ಬಿದ್ದುಹೋಯಿತಂತೆ. ಮೀನಖಂಡ ಸೆಟೆದು ಕೂಗಿಕೊಂಡನಂತೆ. ಇವನು ಕೂಗುವವನಲ್ಲ. ಗಿರಣಿಯಲ್ಲಿ ಹೆಣಿಗೆ ಮಷೀನಿಗೆ ಬೆರಳು ಸಿಕ್ಕಿದಾಗಲೂ "ಟವೆಲ್ ಕೊಡಿ" ಅಂದಿದ್ದನಂತೆ, ಅಷ್ಟೇ. ಮನೆಗೆ ಕರೆತಂದ ಡ್ರೈವರ್ ನನ್ನ ಮುಖ ನೋಡದೆ ಹೋದ.

ಇವತ್ತು ದಿನವಿಡೀ ಮಲಗಿದ್ದ. ಡಯಾಲಿಸಿಸ್‌ನ ಮಾರನೇ ದಿನವೆಂದರೆ ಹಾಗೇ. ಸೂಜಿ ಚುಚ್ಚುವ ಕೈ ಹೊರಗಿತ್ತು, ಮೊಣಕೈವರೆಗೂ ನೀಲಿ. ಕಾರ್ಡಿಗನ್ನಿನ ತೋಳು ಎಳೆದು ಮುಚ್ಚಿದೆ.

ಕಣ್ಣು ಮುಚ್ಚಿಕೊಂಡೇ ಕೇಳಿದ. "ಕುರ್ಚಿ ಏನಾಯ್ತು, ನೆಟ್ಟಾ?"

"ಬರೀತಾನೇ ಇದೀನಿ."

"ಹೂಂ," ಅಂದ.

ಜೂನ್ 6, ಶುಕ್ರವಾರ

ಕಾಮನ್ ರೈಡಿಂಗ್, ಊರ ಗಡಿ ಸುತ್ತುವ ಕುದುರೆ ಸವಾರಿಯ ಹಬ್ಬ. ಬೆಳಗ್ಗೆ ಆರಕ್ಕೇ ಬೀದಿಯಲ್ಲಿ ಡೋಲು ಕೊಳಲು. ಊರಿಗೆ ಊರೇ ಕುದುರೆ ನೋಡಲು ಹೈಸ್ಟ್ರೀಟಿನಲ್ಲಿ. ನಮ್ಮ ಹಾಯಿಕ್‌ನಲ್ಲಿ ಹುಟ್ಟಿದವರಿಗೆ ಕ್ರಿಸ್‌ಮಸ್ ತಪ್ಪಿದರೂ ನಡೆಯುತ್ತದೆ, ಇದು ತಪ್ಪಬಾರದು. ವಾಟ್‌ಗೆ ಎರಡು ವರ್ಷ ತಪ್ಪಿತು — ದೊಡ್ಡ ದಿನ ಬರುವುದು ಶುಕ್ರವಾರವೇ.

ಇವತ್ತು ಆಸ್ಪತ್ರೆಯ ಕಾರು ಜನರ ಮಧ್ಯೆ ಸಿಕ್ಕಿಕೊಂಡಿತಂತೆ. ಡ್ರೈವರ್ ಹಿಂದಿನ ರಸ್ತೆಗೆ ತಿರುಗಿಸಲು ನೋಡಿದನಂತೆ. ಇವನು ಬೇಡವೆಂದು, ಕಿಟಕಿ ಇಳಿಸಿ, ಟೋಪಿ ತೆಗೆದು, ಮುನ್ನೂರು ಕುದುರೆಯೂ ದಾಟುವವರೆಗೆ ಕೂತಿದ್ದಾನೆ. ತಡವಾಗಿ ತಲುಪಿದ್ದಕ್ಕೆ ಮಷೀನಿನ ಮೇಲೆ ಒಂದು ಗಂಟೆ ಕಡಿಮೆ.

"ಕಾಲು ಊದುತ್ತೆ ನೋಡು," ಅಂತ ರೇಗಿದೆ.

"ಊದ್ಲಿ ಬಿಡೇ. ಒಂದು ಗಂಟೆ ಕೊಟ್ಟೆ, ಕುದುರೆ ನೋಡ್ದೆ. ನನಗೇನು ನಷ್ಟ ಆಗ್ಲಿಲ್ಲ."

ಮುಖ ಕೆಂಪಗಾಗಿತ್ತು. ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ಕಂಡ.

ಜುಲೈ 9, ಬುಧವಾರ

ಮೂರೂವರೆಗೆ ಬಂದ. ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲದೆ ಮುಕ್ಕಾಲು ಗಂಟೆ ಒತ್ತಿಹಿಡಿದಿದ್ದರಂತೆ. ಕೂತ. ಕಾರ್ಡಿಗನ್ನಿನ ಮೇಲಿನ ಗುಂಡಿ ಕಿತ್ತು ಕೈಯಲ್ಲಿತ್ತು.

"ಗುಂಡಿ ಡಬ್ಬಿ ತಾ."

"ಕೊಡು ಇಲ್ಲಿ, ನಾನು ಹಾಕಿಕೊಡ್ತೀನಿ."

"ಡಬ್ಬಿ ತಾ, ನೆಟ್ಟಾ."

ತಂದೆ. ಅವನು ಮುಚ್ಚಳ ತೆಗೆಯಲೇ ಇಲ್ಲ. ಮೊಣಕಾಲ ಮೇಲಿಟ್ಟುಕೊಂಡು ಅದರ ಮೇಲೆ ಕೈ ಇಟ್ಟ.

"ನಾಲ್ಕು ಕಾಗದ ಇದೆ. ಈಸ್ಟರಿಗೆ ಮುಂಚೆ ನೋಡಿದಾಗ ಎರಡಿತ್ತು. ಭಾನುವಾರ, ನೀನು ಚರ್ಚಿಗೆ ಹೋಗಿದ್ದೆ. ತೋಳಿನ ಗುಂಡಿ ಹುಡುಕ್ತಿದ್ದೆ."

ನಾನು ಎದುರಿಗೆ ಕೂತೆ.

"ಇಪ್ಪತ್ತೆಂಟು ವರ್ಷ ಗಿರಣೀಲಿ ಮೆಂಡಿಂಗ್ ಮಾಡ್ದೋಳು. ಸ್ವೆಟರ್‌ನಲ್ಲಿ ಎಲ್ಲಿ ತೂತಿತ್ತು ಅಂತ ಫೋರ್‌ಮನ್‌ಗೂ ಗೊತ್ತಾಗ್ತಿರ್ಲಿಲ್ಲ. ಇದೊಂದು ಮಾತ್ರ ಒರಟಾಗಿ ಹೊಲಿದಿದ್ದೀಯ."

"ಏಪ್ರಿಲ್‌ನಲ್ಲೇ ಗೊತ್ತಿತ್ತಾ? ಮತ್ತೆ ಯಾಕೋ ಸುಮ್ನಿದ್ದೆ?"

"ನಿನಗೆ ಟೈಮ್ ಬೇಕಿತ್ತು. ಕೊಡೋಕೆ ನನ್ನ ಹತ್ರ ಬೇರೇನಿತ್ತು?" ಡಬ್ಬಿ ನನ್ನ ಕೈಗೆ ಕೊಟ್ಟ. "ಇನ್ನು ಆಗಲ್ಲ, ಹುಡುಗಿ. ಆಗ್ತಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಜುಲೈ 10, ಗುರುವಾರ, ಬೆಳಿಗ್ಗೆ

ಕ್ಯಾಲೆಂಡರ್ ಹಿಡಿದು ಎಣಿಸಿದೆ. ಅವನು ಕಾಗದ ನೋಡಿದ ಭಾನುವಾರದ ಮಾರನೇ ದಿನದಿಂದ ನಿನ್ನೆಯವರೆಗೆ. ಮೂವತ್ತೆಂಟು ಸಲ. ಪ್ರತಿ ಸಲ ಎರಡು ಸೂಜಿ.

ಎಪ್ಪತ್ತಾರು ಸೂಜಿ. ನನಗಾಗಿ.

ಜುಲೈ 15, ಮಂಗಳವಾರ

ಹೊಸದಾಗಿ ಪ್ಲ್ಯಾನ್ ಮಾಡಿದೆ. ನಾಲ್ಕು ದಿನ ಕೂತು, ಈ ಸಲ ಸರಿಯಾಗಿ. ನಿನ್ನೆ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಎಲ್ಲ ಕೇಳಿಕೊಂಡು ಬಂದೆ. ಉಸಿರು ಕಟ್ಟಿದರೆ ಕೊಡುವ ಔಷಧಿ, ದಾರಿಯ ನರ್ಸುಗಳ ಫೋನ್ ನಂಬರು, ಎಲ್ಲ.

ಮ್ಯಾಪಿನ ಮುಂದೆ ಕೂರಿಸಿ ತೋರಿಸಿದೆ. "ಕೆಸಿಕ್, ಕ್ರಾಸ್ಟರ್, ವಾಪಸು ಬರ್ತಾ ಸೇಂಟ್ ಆ್ಯಬ್ಸ್. ಅಷ್ಟೇ."

"ಇನ್ವರ್ನೆಸ್ ಹೋಯ್ತಾ?"

"ನಾನೇ ಕಳೆದೆ ಅದನ್ನ."

"ಹೋಗ್ಲಿ ಬಿಡು. ಕ್ರಾಸ್ಟರ್‌ನಲ್ಲಿ ಇರೋದು ಮೀನಿಗೆ ಹೊಗೆ ಹಾಕೋ ಮನೆ. ಅಲ್ಲಿ ಕುರ್ಚಿ ಎಲ್ಲಿದೆ?"

"ಇಲ್ಲ. ಎಲ್ಲೂ ಕೇಳಿಲ್ಲ. ಒಪ್ಪಿಕೊಂಡೋರಿಗೂ ಬೇಡ ಅಂತ ಬರೆದೆ." ಇಲ್ಲಿಯವರೆಗೆ ಹೇಳಿ ಉಸಿರು ತೆಗೆದುಕೊಂಡೆ. "ಆಗಸ್ಟ್ ಒಂದು, ಶುಕ್ರವಾರ ಇಲ್ಲಿ ಕೊನೇದು. ಶನಿವಾರ ಹೊರಡೋದು."

ಅವನು ಮ್ಯಾಪಿನ ಮೇಲೆ ಬೆರಳಿಟ್ಟು ಮೂರೂ ಊರು ಮುಟ್ಟಿದ. "ಅಂದ್ರೆ, ಬಂದ ಮೇಲೆ ಅಲ್ಲ."

"ಬಂದ ಮೇಲೆ ಹತ್ತು ದಿನ ಗೋಡೆ ನೋಡ್ತಾ ಮಲಗೋದು ಯಾಕೆ? ಆ ದಿನಗಳಲ್ಲೇ ಹೋಗೋಣ. ಕುದುರೆ ನೋಡೋಕೆ ನೀನು ಒಂದು ಗಂಟೆ ಕೊಟ್ಟೆಯಲ್ಲ."

ಕಣ್ಣು ಒರೆಸಿಕೊಂಡ. ಆಮೇಲೆ, "ಹೊಗೆ ಹಾಕಿದ ಮೀನು ತಿನ್ನಬಹುದಾ?"

"ತಿನ್ನು."

"ಬಾಳೆಹಣ್ಣು?"

"ಅದು ಮಾತ್ರ ಮನೆಗೆ ಬಂದ ಮೇಲೆ ಅಂದಿದ್ದಾರೆ ಡಾಕ್ಟರು."

"ಡಾಕ್ಟರು ಯಾವಾಗಲೂ ಏನಾದರೂ ಒಂದು ಉಳಿಸಿಕೊಳ್ತಾರೆ."

ಸಂಜೆ ಮಗಳ ಊರು ಕಾರ್ಲೈಲ್‌ಗೆ ಫೋನ್ ಮಾಡಿ ರೋನಾಗೆ ಹೇಳಿದೆ. ಮೊದಲಿನಿಂದ ಎಲ್ಲವನ್ನೂ, ಡಬ್ಬಿಯನ್ನೂ.

"ಫೆಬ್ರವರಿಯಿಂದ? ಅಮ್ಮಾ, ನಾನು ಯಾರು ನಿಮಗೆ? ಪಕ್ಕದ ಮನೆಯೋಳಾ?" ಫೋನ್ ಇಟ್ಟುಬಿಟ್ಟಳು. ಅವಳದು ತಪ್ಪಲ್ಲ. ಕಾಲು ಗಂಟೆ ಬಿಟ್ಟು ಅವಳೇ ಮಾಡಿದಳು. ಮೂಗು ಕಟ್ಟಿತ್ತು. "ಕಾರು ನಾನು ಓಡಿಸ್ತೀನಿ. ನೀನು ಹಿಂದೆ ಕೂತ್ಕೋ. ದಾರಿ ಹೇಳೋಕೆ ಬರಬೇಡ."

ಆಗಸ್ಟ್ 1, ಶುಕ್ರವಾರ

ಕೊನೆಯದು ಮುಗಿಯಿತು. ನಾನೂ ಜೊತೆಗೆ ಹೋಗಿದ್ದೆ. ನರ್ಸುಗಳು ಒಬ್ಬೊಬ್ಬರೇ ಬಂದು ಕೈ ಹಿಡಿದರು. ಪಕ್ಕದ ಕುರ್ಚಿಯ ಮುದುಕ "ಹೋಗಿ ಬಾ, ವಾಟ್" ಅಂದ. ಇವನು ಎದ್ದು, ತನ್ನ ಕುರ್ಚಿಯ ಮೇಲೆ ಬಿದ್ದಿದ್ದ ಪೇಪರ್ ಮಡಚಿ ಆ ಮುದುಕನಿಗೆ ಕೊಟ್ಟ.

ಬ್ಯಾಗು ತುಂಬಿದೆ. ಕೊಕ್ಕೆಯಿಂದ ಮಗ್ಗು ತೆಗೆದು ಅವನ ಸ್ವೆಟರಿನಲ್ಲಿ ಸುತ್ತಿಟ್ಟೆ.

ಆಗಸ್ಟ್ 2, ಶನಿವಾರ, ಕೆಸಿಕ್

ಕೆರೆ. ಮೋಡ. ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ರೋನಾ ಅಪ್ಪನ ಭುಜಕ್ಕೆ ತಲೆ ಕೊಟ್ಟಿದ್ದಳು, ಚಿಕ್ಕವಳಾಗಿದ್ದಾಗ ಸ್ಪಿಟಲ್‌ನಲ್ಲಿ ಕೂರುತ್ತಿದ್ದಂತೆ.

"ಮಿಸೆಸ್ ಪಾಟ್ಸ್‌ಗೆ ಒಂದು ಕಾರ್ಡ್ ಹಾಕಬೇಕಿತ್ತು," ಅಂದ ವಾಟ್. "ಬೇರೆ ಊರೂ ಇದೆ ಅಂತ."

"ಅವರು ಹೋಗಿ ಇಪ್ಪತ್ತು ವರ್ಷ ಆಯ್ತಪ್ಪಾ," ಅಂದಳು ರೋನಾ.

"ಹಾಗಾದ್ರೆ ನಾನೇ ಹೋಗಿ ಹೇಳ್ತೀನಿ."

ಮೂವರೂ ನಕ್ಕೆವು. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಗಸ್ಟ್ 4, ಸೋಮವಾರ, ಕ್ರಾಸ್ಟರ್, ಮಧ್ಯಾಹ್ನ ಒಂದು ಗಂಟೆ

ಮಷೀನಿನ ಹೊತ್ತು. ಇಷ್ಟು ಹೊತ್ತಿಗೆ ಎರಡು ಸೂಜಿಯೂ ಒಳಗಿರುತ್ತಿದ್ದವು. ಗಡಿಯಾರ ನೋಡುತ್ತಿದ್ದೇನೆ. ಅವನು ನೋಡುತ್ತಿಲ್ಲ.

ಕಿಟಕಿಯ ಪಕ್ಕ ಕೂತಿದ್ದಾನೆ. ಎದುರಿಗೆ ಸಮುದ್ರ. ಕೆಳಗಿನಿಂದ ಹೊಗೆಯ ವಾಸನೆ. ಕಾಲು ಊದಿದೆ, ಶೂ ಹಿಡಿಸಲಿಲ್ಲ, ನನ್ನ ಉಣ್ಣೆ ಕಾಲುಚೀಲ ಹಾಕಿದ್ದಾನೆ. ಬೆಳಿಗ್ಗೆಯಿಂದ ನಿದ್ದೆ ಜಾಸ್ತಿ. ಮೀನು ಅರ್ಧ ತಿಂದ, ಬೆಣ್ಣೆ ಹಚ್ಚಿದ ಬ್ರೆಡ್ಡಿನ ಜೊತೆ. ಟೀ ಮಗ್ಗಿನ ತುಂಬಾ ಕೊಟ್ಟೆ. ಎರಡು ಕೈಯಲ್ಲಿ ಹಿಡಿದುಕೊಂಡ. ಅರ್ಧಕ್ಕೆ ನಿಲ್ಲಿಸಿದ.

"ಎರಡು ವರ್ಷ ಇದಕ್ಕೇ ಕಾಯ್ತಿದ್ದೆ. ಅರ್ಧಕ್ಕೇ ಸಾಕಾಯ್ತಲ್ಲೇ."

"ಇರ್ಲಿ. ನಿಧಾನವಾಗಿ ಕುಡಿ. ಸೇಂಟ್ ಆ್ಯಬ್ಸ್‌ಗೆ ನಾಳೆ ಹತ್ತಕ್ಕೆ ಹೊರಟರೂ ಆಗುತ್ತೆ."

ಸಮುದ್ರ ನೋಡುತ್ತಲೇ ಇದ್ದ. ಆಮೇಲೆ, "ನೆಟ್ಟಾ. ಇಲ್ಲೇ ಇನ್ನೊಂದು ದಿನ ಇರೋಣ್ವಾ?"

ಇನ್ನೊಂದು ದಿನ — ಅವನ ಬಾಯಿಂದ.  ಮ್ಯಾಪು ಮಡಚಿ ಬ್ಯಾಗಿಗೆ ಹಾಕಿದೆ. ರೋನಾ ಕೆಳಗೆ ಓಡಿದಳು, ಮನೆಯವರನ್ನು ಕೇಳಲು.

ಬಂದಳು. ನಾಳೆಗೂ ರೂಮು ಇದೆಯಂತೆ, ಬೇಕಿದ್ದರೆ ನಾಡಿದ್ದಿಗೂ. ಅವನಿಗೆ ಹೇಳಬೇಕು. ಕಣ್ಣು ತೆರೆದಿದ್ದಾನೆ, ನನ್ನ ಕಡೆ ಮಗ್ಗು ಎತ್ತಿ ತೋರಿಸುತ್ತಿದ್ದಾನೆ — ತಣ್ಣಗಾಯಿತೆಂದು ಕಾಣುತ್ತದೆ, ಬಿಸಿ ಹಾಕಿ ಕೊಟ್ಟು ಬರುತ್ತೇನೆ.