ಬಚ್ಚಲಲ್ಲಿ ತೊಳೆದ ಗಾಜುಗಳು

ಭಾನುವಾರ

ಪ್ರೀತಿಯ ಪುಟ್ಟಿ,

ನಾನು ಚೆನ್ನಾಗಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಅಂದುಕೊಂಡಿದ್ದೇನೆ. ಉತ್ತರ ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ದೊಡ್ಡಮ್ಮ ಹೋದ ಮೇಲೆ ನನ್ನ ಬರವಣಿಗೆಯೆಲ್ಲ ಡೈರಿಗೇ ಆಗಿಬಿಟ್ಟಿದೆ. ಅದು ಉತ್ತರ ಕೇಳುವುದಿಲ್ಲ.

ದೊಡ್ಡಮ್ಮ ಪ್ರಯೋಗಕ್ಕೆ ಬಳಸಿದ ಫೋಟೋ ಗಾಜುಗಳನ್ನು ನಿಮ್ಮ ಸಂಸ್ಥೆಗೆ ಕೊಟ್ಟುಬಿಡು ಅಂತ ಬರೆದಿದ್ದೀಯ. ನಿಮ್ಮ ನಿರ್ದೇಶಕರು ಅವನ್ನು ಹೊಸ ಕಟ್ಟಡದ ಬಾಗಿಲಲ್ಲೇ, ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ, ತಮ್ಮ ಭಾವಚಿತ್ರದ ಕೆಳಗೆ ಇಡಿಸುತ್ತಾರಂತೆ. ಆ ಮನುಷ್ಯನಿಗೆ ದೊಡ್ಡಮ್ಮ ಸಹಿ ಸಾಹೇಬರು ಅಂತ ಹೆಸರಿಟ್ಟಿದ್ದಳು. ಬೇರೆಯವರು ಬರೆದು ಮುಗಿಸಿದ್ದರ ಕೆಳಗೆ ಸಹಿ ಹಾಕುವುದಕ್ಕೆ ಬಿಟ್ಟರೆ ಅವರು ಪೆನ್ನು ತೆಗೆದದ್ದನ್ನು ಯಾರೂ ನೋಡಿರಲಿಲ್ಲವಂತೆ.

ಶ್ರದ್ಧಾಂಜಲಿ ಸಭೆಯಲ್ಲಿ ಅವರ ಭಾಷಣ ಕೇಳಿ ನನಗೆ ನಗು ಬಂತು. ಪರಮಾಣುವಿನ ಬೀಜ ಒಡೆಯುವ ಆ ಹೊಸ ಬಗೆಯನ್ನು ಜಗತ್ತಿಗೆ ಮೊದಲು ತೋರಿಸಿದ್ದು "ನಾವು" ಅಂದರು. ನಾವು ಅಂದರೆ ಯಾರು? ಗಾಜುಗಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿ, ಆಕಾಶದಿಂದ ಬೀಳುವ ಕಿರಣಗಳಿಗೆ ಒಡ್ಡಿ ಬಂದವಳು ಅವಳು. ಹೆಂಗಸಿನ ಕೈಗೆ ಸಂಸ್ಥೆಯ ಫೋಟೋ ತೊಳೆಯುವ ಕತ್ತಲೆಕೋಣೆಯ ಬೀಗದಕೈ ಕೊಡಲು ಸಾಹೇಬರು ಒಪ್ಪದೆ ಹೋದಾಗ, ನಮ್ಮ ಬಚ್ಚಲ ಕಿಟಕಿಗೆ ಕಂಬಳಿ ಹೊಡೆದು ಗಾಜುಗಳನ್ನು ಅಲ್ಲೇ ತೊಳೆದಳು. ನಿನ್ನ ತಾತ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗೆ ನಿಂತು, "ನಿನ್ನ ಪರಮಾಣುವಿನ ಸ್ನಾನ ಮುಗಿಯಿತೇನಮ್ಮ?" ಅಂತ ಕೇಳುತ್ತಿದ್ದರು. ಆಮೇಲೆ ಕಣ್ಣು ಕೆಂಪಾಗುವವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂತು, ಕೂದಲಿಗಿಂತ ಸಣ್ಣ ಗೀರುಗಳ ನಡುವೆ ಪರಮಾಣುವಿನ ಆ ಒಂದು ಒಡಕನ್ನು ಹುಡುಕಿ ತೆಗೆದಳು. ಲೇಖನ ಅಚ್ಚಾದಾಗ ಮೇಲೆ ಸಾಹೇಬರ ಹೆಸರು. ಅವಳಿಗೆ ಕೊನೆಯಲ್ಲಿ ಒಂದು ಧನ್ಯವಾದ.

ಸಭೆ ಮುಗಿದ ಮೇಲೆ ಸಾಹೇಬರು ಚಹಾದ ಮೇಜಿನ ಹತ್ತಿರ ಬಂದು, "ನಿಮ್ಮ ಅಕ್ಕ ನನ್ನ ಬಲಗೈ ಇದ್ದ ಹಾಗೆ ಇದ್ದರಮ್ಮ" ಅಂದರು.

"ತಲೆ ಯಾರದಿತ್ತು ಸಾಹೇಬರೇ?" ಅಂದೆ.

ಅವರಿಗೆ ತಕ್ಷಣ ಬಿಸ್ಕತ್ತಿನ ನೆನಪಾಯಿತು.

ಹಳೆಯದನ್ನು ಕೆದಕಬೇಡ, ಕೆಲಸ ಅಂದಮೇಲೆ ಹೊಂದಿಕೊಂಡು ಹೋಗಬೇಕು, ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಅಂತ ಕಾಗದದಲ್ಲಿ ನನಗೇ ಬುದ್ಧಿ ಹೇಳಿದ್ದೀಯ. ಇರಬಹುದು, ನಾನು ಹೈಸ್ಕೂಲು ದಾಟದವಳು. ಗಾಜುಗಳು ನನ್ನ ಮಂಚದ ಕೆಳಗಿವೆ. ಅವು ಯಾರ ಕೆಲಸ ಅಂತ ನಿಮ್ಮ ಸಂಸ್ಥೆ ಹೆಸರು ಹಾಕಿ ಬರೆಯುವವರೆಗೆ ಅಲ್ಲೇ ಇರುತ್ತವೆ. ಅಲ್ಲಿಯವರೆಗೆ ದೀಪದ ಪೆಟ್ಟಿಗೆ ಖಾಲಿ ಇರುವುದು ಸಾಹೇಬರಿಗೆ ಕಷ್ಟವಾದರೆ ಅವರೇ ಹೋಗಿ ಒಳಗೆ ಕೂರಲಿ.

ಆರೋಗ್ಯ ನೋಡಿಕೋ. ನೀನು ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ, ಮಗಳೇ.

ನಿನ್ನ ಅಮ್ಮ

ತಾ.ಕ.: ಸಾಹೇಬರು "ನಾವು" ಅಂದಾಗ ನಾನು ಅವರನ್ನು ನೋಡುತ್ತಿರಲಿಲ್ಲ. ವೇದಿಕೆಯಲ್ಲಿ ಅವರ ಪಕ್ಕ ಕೂತಿದ್ದ ನಿನ್ನನ್ನು ನೋಡುತ್ತಿದ್ದೆ. ಚಿಕ್ಕವಳಿದ್ದಾಗ ದೊಡ್ಡಮ್ಮನ ತೊಡೆಯ ಮೇಲೆ ಕೂತು, ಆ ಒಡಕನ್ನು ಅವಳಾದ ಮೇಲೆ ಮೊದಲು ಕಂಡವಳು ನೀನು. ಆ ದಿನ ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದವಳೂ ನೀನೇ.