ಎಡ ಭುಜ ಇಳಿದಾಗ

ಭಾನುವಾರ, ಮಧ್ಯಾಹ್ನ

ತಂಗಿಗೆ,

ನಿನ್ನ ಅಕ್ಕ ಕ್ಷೇಮ. ಈ ಮನೆಗೆ ಹಿರಿಯಳು, ನಮ್ಮ ಬ್ಯಾಂಡಿಗೆ ಯಜಮಾನಿ. ನನ್ನ ಮಾತು ಮೀರಿ ಇಲ್ಲಿ ಒಂದು ತಂತಿಯೂ ಮಿಡಿದದ್ದಿಲ್ಲ, ಅದು ನಿನಗೆ ಗೊತ್ತಿರುವುದೇ. ನಿನ್ನ ಎರಡು ಪತ್ರಗಳಿಗೂ ಉತ್ತರ ತಡವಾಯಿತು. ತಪ್ಪಾಯಿತು ಎನ್ನುವುದು ನನ್ನ ನಾಲಿಗೆಗೆ ಒಗ್ಗದ ಮಾತು, ತಡವಾಯಿತು ಎಂದಷ್ಟೇ ತಿಳಿದುಕೋ. ಮಂಡಿನೋವು ಹೇಗಿದೆ?

"ಅಕ್ಕನಿಗೆ ತಾಳ ತಪ್ಪಿತಂತೆ, ಸಭೆಯೆಲ್ಲ ನಕ್ಕಿತಂತೆ" ಎಂದು ಕೇಳಿದ್ದೀಯ. ಸಭೆ ನಕ್ಕದ್ದು ನಿಜ. ಕಂಡವರ ಬಾಯಲ್ಲಿ ಕೇಳುವ ಬದಲು ನನ್ನಿಂದಲೇ ಕೇಳು.

ಮೊದಲು ರೆಕಾರ್ಡಿನ ಸುದ್ದಿ. ಕಂಪನಿಯವರು ನಮ್ಮ ಹಾಡುಗಳನ್ನೆಲ್ಲ ಒಟ್ಟುಗೂಡಿಸಿ ಮತ್ತೆ ಹೊರತಂದಿದ್ದಾರೆ. ಅದಕ್ಕೆ ಬ್ಯಾಂಡಿನ ಚರಿತ್ರೆ ಬೇಕೆಂದು ಅವರ ಕಡೆಯ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತರಿಸಿ ನಿನ್ನ ಭಾವ ಬೇಸ್ ಗಿಟಾರ್ ಹಿಡಿದದ್ದು, ಟ್ರಂಪೆಟ್ ಊದುವ, ನಾವೆಲ್ಲ ಕೊಕ್ಕರೆ ಎಂದು ಕರೆಯುವ ಆ ಉದ್ದನೆಯವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದದ್ದು, ನೀನು ಲಂಗದ ತುಂಬ ದಾರದ ಚೂರು ಅಂಟಿಸಿಕೊಂಡು ಹಾಡಿದ್ದು. ನಾವು ನುಡಿಸುವುದು ಫಂಕ್ ಮತ್ತು ಸೋಲ್ ಎಂದಾಗ ಅಪ್ಪ, "ಹೆಸರಲ್ಲೇ ಸೋಲಿದೆ, ಗೆಲ್ಲುವ ಸಂಗೀತ ಯಾವುದೂ ಸಿಗಲಿಲ್ವಾ" ಎಂದದ್ದನ್ನೂ ಹೇಳಿದೆ. ಹುಡುಗಿ ನಕ್ಕಳು.

ಮದುವೆ ಮನೆಗಳು, ಬಂದರಿನ ಕೂಲಿಯವರ ಕ್ಲಬ್ಬು, ಆಮೇಲೆ ರೇಡಿಯೋ, ನೀನು ಹಾಡಿದ ಮೂರು ರೆಕಾರ್ಡುಗಳು. ನೀನು ಮದುವೆಯಾಗಿ ಹೋದ ಮೇಲೆ ನನ್ನ ಮಗಳು ಹಾಡಿದಳು, ದೊಡ್ಡ ಮಗ ಡ್ರಮ್ಸಿಗೆ ಕುಳಿತ. ನಂತರ ಡ್ರಮ್ಸ್ ಬಡಿಯುವ ಯಂತ್ರ ಬಂತು, ನಮ್ಮನ್ನು ಕೇಳುವವರಿಲ್ಲವಾದರು. ಹೋಟೆಲಿನಲ್ಲಿ ಉಣ್ಣುವವರ ತಟ್ಟೆ ಸದ್ದಿನ ನಡುವೆ ನುಡಿಸಿದೆವು. ಈಗ ಮೊಮ್ಮಕ್ಕಳ ವಯಸ್ಸಿನವರು ಹಳೆಯ ರೆಕಾರ್ಡು ಹುಡುಕಿಕೊಂಡು ಬರುತ್ತಿದ್ದಾರೆ.

ಅವಳಿಗೆ ನನ್ನ ಭುಜದ ನಿಯಮವನ್ನೂ ಹೇಳಿದೆ. ಒಂದು, ಎರಡು ಎಂದು ಎಣಿಸಿ ಶುರುಮಾಡುವುದು ನಮ್ಮಲ್ಲಿಲ್ಲ. ನಾನು ಆರ್ಗನ್ ಮುಂದೆ ಕೂರುತ್ತೇನೆ, ಎಲ್ಲರ ಕಣ್ಣೂ ನನ್ನ ಎಡ ಭುಜದ ಮೇಲಿರಬೇಕು. ಭುಜ ಇಳಿದ ಕ್ಷಣ ಮೊದಲ ಪೆಟ್ಟು ಬೀಳಬೇಕು. ಅವರು ಯಾವಾಗಲೂ ಕೂದಲೆಳೆ ತಡ, ಬೈದು ಬೈದು ಸಾಕಾಯಿತು.

"ಅದೇ ಅಲ್ವಾ ಅಮ್ಮ ನಿಮ್ಮ ಗುರುತು" ಎಂದಳು ಹುಡುಗಿ. "ಮೊದಲು ಆರ್ಗನ್ ಒಂದೇ ಕೇಳುತ್ತೆ, ಆಮೇಲೆ ಉಳಿದವರೆಲ್ಲ ಅದರ ಮೇಲೆ ಬೀಳ್ತಾರೆ. ಹಾಗೆ ಶುರುಮಾಡೋ ಬ್ಯಾಂಡ್ ಇನ್ನೊಂದಿಲ್ಲ." ಕಡೆಗೆ, "ರೆಕಾರ್ಡಿನ ಹೊದಿಕೆ ಮೇಲೆ ನಾಯಕಿ ಅಂತ ನಿಮ್ಮ ಹೆಸರು ತಾನೇ?" ಎಂದು ಕೇಳಿದಳು.

"ಮತ್ತೆ ಯಾರದ್ದು, ನಿಮ್ಮಪ್ಪಂದಾ?" ಎಂದೆ.

ಇನ್ನು ಆ ಸಂಜೆಯ ವಿಷಯ. ನಿನ್ನ ಭಾವ ತೀರಿಕೊಂಡ ಮೇಲೆ ಅದು ನಮ್ಮ ಮೊದಲ ಕಾರ್ಯಕ್ರಮ. ಅವರ ಜಾಗದಲ್ಲಿ, ನನ್ನ ಬೆನ್ನ ಹಿಂದೆ, ಬೇಸ್ ಗಿಟಾರ್ ಹಿಡಿದು ಸೊಸೆ ನಿಂತಿದ್ದಳು. ಹೊಸಬಳೆಂದು ಅಭ್ಯಾಸದಲ್ಲಿ ಮಾತ್ರ ದೊಡ್ಡವನು ಕೋಲು ಬಡಿದು ಎಣಿಸುತ್ತಿದ್ದ. ವೇದಿಕೆಯ ಮೇಲೆ ಅದು ಕೂಡದು ಎಂದಿದ್ದೆ. "ನನ್ನ ಭುಜ ನೋಡು, ಬೇರೆ ಯಾರನ್ನೂ ನೋಡಬೇಡ" ಎಂದು ಅವಳಿಗೆ ಹೇಳಿಕೊಟ್ಟಿದ್ದೆ.

ಭುಜ ಇಳಿಸಿದೆ. ನಾನು ನುಡಿಸಿದೆ, ಸೊಸೆ ನುಡಿಸಿದಳು, ಬೇರೆ ಯಾರೂ ಇಲ್ಲ. ದೊಡ್ಡವನ ಕೋಲು ಗಾಳಿಯಲ್ಲಿ, ಕೊಕ್ಕರೆಯ ತುಟಿಯ ಮುಂದೆ ಟ್ರಂಪೆಟ್ಟು, ಮಗಳ ಬಾಯಿ ತೆರೆದೇ ಇತ್ತು. ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ. ಆಮೇಲೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ಶುರುಮಾಡಿ, ಎತ್ತು ಏರಿಗೆ ಕೋಣ ನೀರಿಗೆ. ತಮಾಷೆಗೆ ಹೀಗೆ ಮಾಡುತ್ತಿದ್ದೇವೆಂದು ಜನ ನಕ್ಕು ಚಪ್ಪಾಳೆ ತಟ್ಟಿದರು. ಎರಡನೆಯ ಹಾಡಿನಿಂದ ನನ್ನನ್ನು ಕೇಳದೆಯೇ ದೊಡ್ಡವನು ಕೋಲು ಬಡಿದ.

ಮನೆಗೆ ಬಂದು ಸೊಸೆಯನ್ನು ಬೈದೆ. "ಅತ್ತೆ, ನೀವು ಹೇಳಿದ ಹಾಗೇ ಮಾಡಿದೆ" ಎಂದಳು. ಎದುರು ಮಾತಾಡಬೇಡ ಎಂದೆ. ದೊಡ್ಡವನನ್ನು ಕೇಳಿದರೆ, "ಅಭ್ಯಾಸ ತಪ್ಪಿತ್ತಮ್ಮ, ಬಿಡು" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ನಡೆದದ್ದು ಇಷ್ಟು. ತಾಳ ತಪ್ಪಿದ್ದು ನನಗೊಬ್ಬಳಿಗೇ ಅಲ್ಲ ಎಂದು ನಿನಗೆ ಸುದ್ದಿ ತಂದವರಿಗೆ ಹೇಳು.

ನಿನಗೂ ನಿನ್ನ ಮಕ್ಕಳಿಗೂ ಒಳ್ಳೆಯದಾಗಲಿ. ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಗಂಟಲನ್ನೂ ಸುಮ್ಮನೆ ಬಿಡಬೇಡ, ಪಾತ್ರೆ ತೊಳೆಯುವಾಗಲಾದರೂ ಹಾಡು.

ನಿನ್ನ ಅಕ್ಕ

ಮರೆತಿರಲಿಲ್ಲ, ಮೇಲೆ ಬರೆಯಲು ಮನಸ್ಸಾಗಲಿಲ್ಲ: ಮರುದಿನ ಬೆಳಿಗ್ಗೆ ಕೊಕ್ಕರೆ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕುಳಿತು, "ಅತ್ತಿಗೆ, ಆ ಹುಡುಗಿನ ಬೈಬೇಡಿ. ನಿಮ್ಮ ಭುಜ ನೋಡಿದ್ದು ಅವಳೊಬ್ಬಳೇ" ಎಂದ.

"ನೀವೆಲ್ಲ ಏನು ನೋಡ್ತಿದ್ರಿ, ಚಾವಣಿಯನ್ನಾ?"

"ಅಣ್ಣನ ಗಿಟಾರನ್ನ. ನಿಮ್ಮ ಭುಜದ ಹಿಂದೇನೇ ಇರ್ತಿತ್ತಲ್ಲ. ಅದರ ಕುತ್ತಿಗೆ ಬಗ್ಗಿದಾಗ ನಾವು ಶುರುಮಾಡ್ತಿದ್ವಿ. ಅಂಗಡಿ ಹಿಂದಿನ ಕೋಣೆಯಿಂದಲೂ ಹಾಗೇ."

ನನ್ನ ಭುಜ ಯಾವತ್ತೂ ಕೂದಲೆಳೆ ಮುಂಚೆ ಇಳಿಯುತ್ತಿತ್ತಂತೆ. ನಾನು ಅವಸರದವಳಂತೆ. "ಅವಳು ಮುಂದೆ ಹೋಗಲಿ, ನಾವು ಹಿಂದಿನಿಂದ ಬಂದು ಹಿಡಿಯೋಣ, ಕೇಳೋಕೆ ಚೆನ್ನಾಗಿರುತ್ತೆ. ಆದರೆ ಅವಳಿಗೆ ಹೇಳಬೇಡಿ" ಎಂದು ನಿನ್ನ ಭಾವ ಎಲ್ಲರಿಗೂ ಹೇಳಿದ್ದರಂತೆ. ಸೊಸೆಗೆ ಇದನ್ನು ಯಾರೂ ತಿಳಿಸಿರಲಿಲ್ಲ, ಇನ್ನೊಬ್ಬರು ಹೇಳಿರುತ್ತಾರೆ ಎಂದು ಪ್ರತಿಯೊಬ್ಬರೂ ಸುಮ್ಮನಿದ್ದರು.

ಜೊತೆಯಲ್ಲಿ ಉಂಡು, ಒಂದೇ ವ್ಯಾನಿನಲ್ಲಿ ತಿರುಗಿ, ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದೆ. ತಿದ್ದಿಕೊಂಡಿದ್ದರೆ ರೇಡಿಯೋದವರು ನಮ್ಮನ್ನು ಕರೆಯುತ್ತಿರಲಿಲ್ಲವೇನೋ, ಅದೂ ಗೊತ್ತಾಗುತ್ತದೆ. ಆದರೂ ಹೇಳಬೇಕಿತ್ತು.

ಮೂರು ರೆಕಾರ್ಡಿನ ಕಾಲ ನೀನು ನನ್ನೆದುರಿಗೇ ನಿಂತು ಹಾಡಿದವಳು. ಆಗ ನೀನು ಏನನ್ನು ನೋಡುತ್ತಿದ್ದೆ ಎಂದು ನಾನು ಕೇಳುವುದಿಲ್ಲ. ನೀನೂ ಬರೆಯಬೇಡ.

ಸೊಸೆಯನ್ನು ಕರೆದು, ಬೈದದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ಕಂಪನಿಯ ಹುಡುಗಿಗೆ ಫೋನ್ ಮಾಡಿದೆ. "ಈಗ ಬದಲಾಯಿಸಿದ್ರೆ ಜನ ಏನಂತಾರಮ್ಮ" ಎಂದಳು. ಹೇಳಿದಷ್ಟು ಮಾಡು ಎಂದೆ. ರೆಕಾರ್ಡು ಮೊನ್ನೆ ಅಂಗಡಿಗೆ ಬಂತು. ನಾಯಕ ಎಂಬುದರ ಮುಂದೆ ನಿನ್ನ ಭಾವನ ಹೆಸರಿದೆ, ಆರ್ಗನ್ ಎಂಬುದರ ಮುಂದೆ ನನ್ನದು.