ಸುಳ್ಳು ರೋಗಿ

ಔಲು
ನವೆಂಬರ್ ೧೨, ಮಂಗಳವಾರ

ಪ್ರೀತಿಯ ಅಜ್ಜಿ,

ನಾನು ಡಾಕ್ಟರಿಕೆ ಓದುತ್ತಿಲ್ಲ. ಎರಡೂವರೆ ವರ್ಷದ ಹಿಂದೆಯೇ ಕಾಲೇಜು ಬಿಟ್ಟೆ. ಜೂನಿನಿಂದ ನಿನಗೆ ಒಂದು ಸಾಲನ್ನೂ ಬರೆಯದಿದ್ದುದಕ್ಕೆ ಪರೀಕ್ಷೆ ಕಾರಣವಲ್ಲ, ಇದೇ ಕಾರಣ. ಕ್ಷಮಿಸು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಕಿಟಕಿಯ ಬಳಿ ಕೂತು ಓದು, ನಾನು ಹೊರಗೆ ಹಬೆಸ್ನಾನದ ಮನೆಯ, ನಮ್ಮ ಸೌನಾದ, ಮೆಟ್ಟಿಲ ಮೇಲೆ ಕಾಯುತ್ತಿರುತ್ತೇನೆ. ಬಾಯಿಬಿಟ್ಟು ಹೇಳಲು ಹೋದರೆ ನಿನ್ನ ಮುಖ ನೋಡಿ ಮತ್ತೆ ಸುಳ್ಳು ಹೇಳಿಬಿಡುತ್ತೇನೆ.

ಮೊದಲು ಮುಖ್ಯವಾದ ಮಾತು. ಗುರುವಾರ ಒಂಬತ್ತು ಗಂಟೆಗೆ ನಿನ್ನ ಕಂಕುಳಿನ ಗಂಟನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು. ನಿನ್ನ ಹೆಸರು ಬರೆಸಿದ್ದೇನೆ. ಅದು ಬರೀ ಕೊಬ್ಬಿನ ಗಂಟು ಎಂದು ನಾನು ಹೇಳಿದ್ದನ್ನು ಮರೆತುಬಿಡು.

ಕಾಲೇಜು ಬಿಟ್ಟಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕೂತಲ್ಲಿ ಕೂರಲಾಗಲಿಲ್ಲ. ಇನ್ನೂರಾರು ಮೂಳೆಗಳ ಹೆಸರು ಕಲಿತೆ, ಬದುಕಿರುವ ಒಬ್ಬರ ಮೈಯನ್ನೂ ಮುಟ್ಟಲಿಲ್ಲ. ಒದ್ದೆ ತಲೆಯಿಂದ ನೆಗಡಿ ಬರುವುದಿಲ್ಲ ಎಂದು ಒಂದು ಗಂಟೆ ಪಾಠ ಮಾಡಿದ ಮೇಷ್ಟ್ರು, ಹೊರಡುವಾಗ ಬಾಗಿಲಲ್ಲಿ ನಿಂತು ಕಿವಿ ಮುಚ್ಚುವಂತೆ ಉಣ್ಣೆ ಟೊಪ್ಪಿ ಎಳೆದುಕೊಂಡರು. ನಾನು ನಕ್ಕಿದ್ದನ್ನು ನೋಡಿ, "ಇದು ನಮ್ಮಮ್ಮನ ಪಾಠ ಕಣಮ್ಮ, ಪರೀಕ್ಷೆಗೆ ಬರಲ್ಲ" ಎಂದರು. ತಣ್ಣನೆಯ ಕಲ್ಲಿನ ಮೇಲೆ ಕೂತರೆ ಮೂತ್ರಪಿಂಡ ಕೆಡುತ್ತದೆ ಎನ್ನುವ ನಿನ್ನ ಮಾತನ್ನು ನಾನು ಹೇಳಿದಾಗ ತರಗತಿಯೆಲ್ಲ ನಕ್ಕಿತು. ಆದರೆ ಹೊರಗೆ ಅಂಗಳದ ಕಲ್ಲಿನ ಮೇಲೆ ಒಬ್ಬರೂ ಕೂರುತ್ತಿರಲಿಲ್ಲ.

ನಿನಗೆ ಹೇಗೆ ಹೇಳಲಿ? ಐವತ್ತು ವರ್ಷ ಊರವರ ಬೆನ್ನಿಗೆ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆದವಳು ನೀನು. ಡಾಕ್ಟರುಗಳೆಲ್ಲ ನಿನ್ನನ್ನು ಆಡಿಕೊಂಡು ನಕ್ಕಿದ್ದರು. ಈಗ ಮೊಮ್ಮಗಳೇ ಡಾಕ್ಟರಾಗುತ್ತಾಳೆ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಪಕ್ಕದ ಮನೆಯ ತೈಸ್ತೋ ಮಾವ ಭಾನುವಾರ ಫೋನು ಮಾಡಿ ಮೊಣಕಾಲಿನ ಕಥೆ ಹೇಳಿ, "ಕಾಫಿ ಬಿಡು ಅಂತ ಮಾತ್ರ ಅನ್ಬೇಡ, ಬೇರೆ ಏನಾದ್ರೂ ಹೇಳು ಡಾಕ್ಟ್ರೇ" ಎನ್ನುತ್ತಿದ್ದ. ನಾನು ಬೇರೆ ಏನಾದರೂ ಹೇಳುತ್ತಿದ್ದೆ. ಅವನ ಮೊಣಕಾಲು ವಾಸಿಯೂ ಆಯಿತಂತೆ.

ಈಗ ಅದೇ ಕಾಲೇಜಿನಲ್ಲಿ ನನಗೆ ಸುಳ್ಳು ರೋಗಿಯ ಕೆಲಸ. ಪರೀಕ್ಷೆಗೆ ಮೊದಲು ಒಂದು ಚೀಟಿ ಕೊಡುತ್ತಾರೆ, ಅದರಲ್ಲಿರುವ ಕಾಯಿಲೆಯನ್ನು ನಟಿಸಬೇಕು. ವಿದ್ಯಾರ್ಥಿಗಳು ಕೈ ತೊಳೆದು, ಹೆಸರು ಹೇಳಿ, "ನಿಮಗೆ ತುಂಬಾ ಕಷ್ಟ ಆಗಿರ್ಬೇಕು" ಎನ್ನಬೇಕು. ಹಾಗೆನ್ನದಿದ್ದರೆ ಅಂಕವಿಲ್ಲ. ಆರ್ತು ಎಂಬ ಹುಡುಗ ನಾನು ಬಾಯಿ ತೆರೆಯುವ ಮೊದಲೇ ಅದನ್ನು ಹೇಳಿ ಮುಗಿಸಿದ. ಎದೆನೋವನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲವಂತೆ.

ನಿನ್ನೆಯ ಚೀಟಿಯಲ್ಲಿ ಹೀಗಿತ್ತು: ಕಂಕುಳಲ್ಲಿ ಗಂಟು. ಗಟ್ಟಿ. ನೋವಿಲ್ಲ. ಒತ್ತಿದರೆ ಜರುಗುವುದಿಲ್ಲ. ಬಾಯಿಪಾಠ ಮಾಡುತ್ತಿದ್ದಾಗ, ಇವು ಜೂನಿನಲ್ಲಿ ನೀನು ನನಗೆ ಹೇಳಿದ ಮಾತುಗಳೇ ಎಂದು ಹೊಳೆಯಿತು. ಒಂಬತ್ತು ಜನ ಬಂದು ಹೋದರು. ಒಂಬತ್ತು ಜನರೂ, ಕೈ ತೊಳೆಯಲು ಮರೆತವನು ಕೂಡ, ಇದನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು ಎಂದರು. ಕೊನೆಯವಳನ್ನು ನಾನು ಚೀಟಿಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದೆ.

"ಆಗ್ಲೇ ಐದು ತಿಂಗಳು ತಡ ಆಗಿದ್ರೆ?"

ಅವಳು ಪರೀಕ್ಷಕರ ಮುಖ ನೋಡಿದಳು. ಪರೀಕ್ಷಕರು ತಲೆಯೆತ್ತದೆ, "ಅದು ನಿಮ್ಮ ಪಾತ್ರದಲ್ಲಿಲ್ಲ" ಎಂದರು. ಅಷ್ಟರಲ್ಲಿ ಗಂಟೆ ಬಾರಿಸಿದರು.

ಸೌದೆ ನಾನೇ ಬಂದು ಒಡೆಯುತ್ತೇನೆ, ನೀನು ಆ ಕೈ ಎತ್ತಬೇಡ. ದೇವರು ನಿನ್ನನ್ನು ಕಾಯಲಿ. ನಾನಂತೂ ಕಾಯಲಿಲ್ಲ.

ನಿನ್ನ
ಸಾನಾ

ಇನ್ನೊಂದು ಮಾತು: ಇದನ್ನು ಮರೆತಿರಲಿಲ್ಲ, ಬರೆಯಲಾಗದೆ ಉಳಿಸಿಕೊಂಡಿದ್ದೆ. ಜೂನಿನ ನಡುಬೇಸಿಗೆಯ ಹಬ್ಬದ ದಿನ ಸೌನಾದಲ್ಲಿ ನೀನು ತೋಳೆತ್ತಿ, "ಬೇರೆಯೋರ ಮೈಯಲ್ಲಿ ಇಂಥದ್ದು ಕೈಗೆ ಸಿಕ್ಕಿದ್ರೆ ಕೊಂಬು ಮುಟ್ಟದೆ ಡಾಕ್ಟ್ರ ಹತ್ರ ಕಳಿಸ್ತಿದ್ದೆ ಕಣೇ. ಹೋಗಿ ತೋರಿಸ್ಕೊಂಡು ಬರ್ಲಾ?" ಎಂದು ಕೇಳಿದ್ದೆ. ಅದು ನನ್ನ ಬೆರಳಿಗೂ ಕಲ್ಲಿನಂತೆ ತಾಗಿತ್ತು, ನನಗೂ ಭಯವಾಗಿತ್ತು. ಆದರೆ ನಾಲ್ಕು ವರ್ಷ ಓದಿದವರನ್ನು ಬೇಸಿಗೆಗೆ ಬದಲಿ ಡಾಕ್ಟರಾಗಿ ಕಳಿಸುತ್ತಾರೆ; ಆ ಬೇಸಿಗೆಗೆ ಆರೋಗ್ಯ ಕೇಂದ್ರಕ್ಕೆ ಹಾಗೆ ಬಂದಿದ್ದವಳು ನನ್ನ ಹಳೆಯ ಸಹಪಾಠಿ. ನೀನು ಅಲ್ಲಿಗೆ ಹೋದರೆ ನನ್ನ ಹೆಸರು ಹೇಳದೆ ಬರುವವಳಲ್ಲ. ಹೇಳಿದರೆ, ಸಾನಾ ಓದು ಬಿಟ್ಟು ಎಷ್ಟೋ ಕಾಲವಾಯಿತಲ್ಲ ಎಂದು ಅವಳು ಅಂದೇ ಅನ್ನುತ್ತಿದ್ದಳು. ಅದಕ್ಕೇ ನಾನು ಬೇಡ ಎಂದದ್ದು. ನೀನು ತೋಳಿಳಿಸಿ, "ಸರಿ ಬಿಡು, ಮನೇಲೇ ಡಾಕ್ಟ್ರು ಇರೋವಾಗ ನಂಗೇನು" ಎಂದು ಬೆಂಚಿನ ಮೇಲೆ ನನಗೂ ಜಾಗ ಮಾಡಿಕೊಟ್ಟೆ.

ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ.